ಬೂದಗುಡ್ಡದ ಈಜುಗಾರ್ತಿಯರು

ಕರೆಂಟಿಲ್ಲದೆ, ಡೀಸೆಲ್ಲೂ ಇಲ್ಲದೆ ನೀರನ್ನು ಗುಡ್ಡ ಹತ್ತಿಸುತ್ತೇನೆ ಎಂದು ಜುಬೇದಾ ನದಾಫ್ ಹೇಳಿದಾಗ ಹೊನ್ನಳಗಿ ನಗರಸಭೆಯ ಸದಸ್ಯರಲ್ಲಿ ಅರ್ಧ ಜನ ನಕ್ಕರು. ಉಳಿದವರು ಮೊಬೈಲ್ ನೋಡುತ್ತಿದ್ದುದರಿಂದ ನಗಲಿಲ್ಲ.

ಜುಬೇದಾ ನಗರಸಭೆಯ ನೀರು ಸರಬರಾಜಿನ ಎಂಜಿನಿಯರ್. ನಲವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ಆದರೆ ನೀರಿನ ವಿಷಯ ಬಂದರೆ ಕೈಯಾಡಿಸಿಕೊಂಡು ಮಾತಾಡುವವಳು.

"ಮೇಡಂ, ನೀರು ಇಳೀತೈತಿ, ಹತ್ತೂದಿಲ್ಲ. ಇದು ನಮ್ಮನಿ ಎಮ್ಮಿಗೂ ಗೊತ್ತೈತಿ," ಎಂದರು ಹಿರಿಯ ಸದಸ್ಯ ಶಿವಯೋಗೆಪ್ಪ ಬಾಳಿಕಾಯಿ. ಊರಿನ ದೊಡ್ಡ ಕಲ್ಯಾಣಮಂಟಪ ಅವರದು. ಅವರು ನಕ್ಕರೆ ಉಳಿದವರೂ ನಗುತ್ತಿದ್ದರು.

"ಇಳಿಯೂ ನೀರಿನ ಕಡಿಂದನ ಏರಸ್ತೀನ್ರಿ ಸರ್. ಬಾವಿ ಗಾಲಿಗೆ ಎರಡೂ ಕಡೆ ಕೊಡ ಕಟ್ಟಿದ್ದು ನೋಡೀರಲ್ಲ? ಭಾರದ್ದು ಇಳಿದ್ರ ಹಗರಂದು ಏರ್ತೈತಿ. ಅಷ್ಟ."

ಹೊನ್ನಳಗಿಗೆ ನೀರು ಬರುವುದು ಬೂದಗುಡ್ಡದ ಸೊಂಟದ ಮೇಲಿರುವ ಜಲಾಶಯದಿಂದ. ಊರು ಗುಡ್ಡದ ಬುಡದಲ್ಲಿದೆ. ಅಷ್ಟು ಎತ್ತರದಿಂದ ಧುಮುಕುವ ನೀರನ್ನು ಹಾಗೇ ಬಿಟ್ಟರೆ ಮನೆಮನೆಯ ಪೈಪು ಒಡೆಯುತ್ತಿತ್ತು. ಆದ್ದರಿಂದ ಊರ ಅಂಚಿನ ಒಂದು ಕೋಣೆಯಲ್ಲಿ ದೊಡ್ಡ ವಾಲ್ವ್ ಕೂರಿಸಿ ಅದರ ಒತ್ತಡವನ್ನು ಕೊಲ್ಲುತ್ತಿದ್ದರು. ಜುಬೇದಾ ಆ ಕೋಣೆಗೆ ಹೋದಾಗಲೆಲ್ಲ ವಾಲ್ವಿನ ಮೈಮೇಲೆ ಕೈಯಿಟ್ಟು ಅದರ ನಡುಕವನ್ನು ಅನುಭವಿಸುತ್ತಿದ್ದಳು. ಇಷ್ಟು ಕಸುವು ದಿನವಿಡೀ ಸುಮ್ಮನೆ ಸಾಯುತ್ತಿದೆಯಲ್ಲ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು.

ಅವಳ ಹೊಟ್ಟೆ ಉರಿಯಲು ಇನ್ನೊಂದು ಕಾರಣವಿತ್ತು. ಅದೇ ಗುಡ್ಡದಲ್ಲಿ, ಜಲಾಶಯಕ್ಕಿಂತ ಮೇಲೆ, ಕಲ್ಲು ಒಡೆಯುವವರ ಕಲ್ಲಗಣಿ ಓಣಿ ಇತ್ತು. ನೀರು ಅವರ ಕಣ್ಣ ಕೆಳಗೇ ಇದ್ದರೂ ಮೇಲೆ ಏರುವ ದಾರಿಯಿರಲಿಲ್ಲ. ಟ್ಯಾಂಕರ್ ಬಂದ ದಿನ ಬಂತು. ಬರದ ದಿನ ಹೆಂಗಸರು ಜಲಾಶಯದ ಕಾವಲುಗಾರನ ನಳದಿಂದ ಕೊಡ ತುಂಬಿಕೊಂಡು ಕಲ್ಲುದಾರಿ ಹತ್ತುತ್ತಿದ್ದರು.

ಆ ವರ್ಷ ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಹೊಸ ಬಗೆಯ ಗಾಲಿಯೊಂದು ತಯಾರಾಗಿತ್ತು. ಅದರ ರೆಕ್ಕೆಗಳು ಮೆತ್ತನೆಯ ಲೋಹದವು. ನೀರಿನ ಹರಿವು ಹೆಚ್ಚಾದರೆ ಹರಡಿಕೊಳ್ಳುತ್ತವೆ, ಕಡಿಮೆಯಾದರೆ ಮೀನಿನ ಈಜುರೆಕ್ಕೆಯ ಹಾಗೆ ಬಾಗಿಕೊಳ್ಳುತ್ತವೆ. ಹಳೆಯ ಟರ್ಬೈನುಗಳು ತುಂಬು ಹರಿವಿದ್ದರೆ ಮಾತ್ರ ತಿರುಗುತ್ತಿದ್ದವು. ಇದು ಒಂದು ಓಣಿಯ ನಳ ಬಿಟ್ಟರೂ ತಿರುಗುತ್ತಿತ್ತು. ಜುಬೇದಾ ಅಂಥ ಎರಡು ಗಾಲಿಗಳನ್ನು ಒಂದೇ ಅಚ್ಚಿಗೆ ಜೋಡಿಸಿ, ಆ ಅಚ್ಚನ್ನು ಅಯಸ್ಕಾಂತಗಳ ನಡುವೆ ಏನನ್ನೂ ಮುಟ್ಟದಂತೆ ತೇಲಿಸುವ ನಕ್ಷೆ ಮಾಡಿದಳು. ಊರಿಗೆ ಇಳಿಯುವ ನೀರು ಮೊದಲ ಗಾಲಿಯನ್ನು ತಿರುಗಿಸುತ್ತದೆ, ಎರಡನೆಯ ಗಾಲಿ ಒಂದು ಪಾಲು ನೀರನ್ನು ಗುಡ್ಡಕ್ಕೆ ತಳ್ಳುತ್ತದೆ. ನಾಲ್ಕು ಕೊಡ ಇಳಿದರೆ ಒಂದು ಕೊಡ ಏರುತ್ತದೆ. ಕೆಳಗೆ ಯಾರೋ ಬಟ್ಟೆ ಒಗೆದರೆ ಮೇಲೆ ಯಾರದೋ ಒಲೆಗೆ ಎಸರಿಡುವಷ್ಟು ನೀರು.

ನವೀಕರಿಸಬಹುದಾದ ಇಂಧನದ ಒಂದು ಯೋಜನೆಯಲ್ಲಿ ಇದಕ್ಕೆ ಮಂಜೂರಾತಿ ಸಿಕ್ಕಿತು. ಆದರೆ ಅದಕ್ಕೊಂದು ವಿಚಿತ್ರ ಷರತ್ತಿತ್ತು. ನೆಲದೊಳಗಿನ ಗಾಲಿ ಯಾರ ಕಣ್ಣಿಗೂ ಬೀಳುವುದಿಲ್ಲ, ಕಾಣದ ವಸ್ತುವಿನ ಮೇಲೆ ಊರಿಗೆ ಅಕ್ಕರೆ ಹುಟ್ಟುವುದಿಲ್ಲ. ಆದ್ದರಿಂದ ಕಾಮಗಾರಿಯ ಜೊತೆಗೆ ಎಲ್ಲರಿಗೂ ಕಾಣುವಂಥ ಒಂದು ಕಲಾಕೃತಿ ಇರಬೇಕು.

ಹಾಗೆ ಕಲಾವಿದ ಮೌನೇಶ ಚಿತ್ರಗಾರ ಈ ಕೆಲಸಕ್ಕೆ ಬಂದ.

ಮೌನೇಶ ಐವತ್ತು ದಾಟಿದವನು, ಚಿತ್ರಕಲಾ ಶಾಲೆಯಲ್ಲಿ ಮೇಷ್ಟ್ರು. ಕಲ್ಲಗಣಿ ಓಣಿಯ ನೆತ್ತಿಯಲ್ಲಿ ಕಟ್ಟಿದ ಹೊಸ ನೀರಿನ ಗೋಪುರವೇ ಅವನ ಹಲಗೆ. ಗೋಪುರಕ್ಕೆ ಬೆಳಕಿನ ತೊಗಲು ಹೊದಿಸಬೇಕಿತ್ತು. ಅದು ಹಾಳೆಯಂತೆ ತೆಳ್ಳಗಿನ ವಸ್ತು. ಹಗಲೆಲ್ಲ ಬಿಸಿಲು ಕುಡಿಯುತ್ತದೆ, ಸಂಜೆಯಾದರೆ ಬೆಳಗುತ್ತದೆ. ಆದರೆ ಇಡಿಯಾಗಿ ಬೆಳಗುವುದಿಲ್ಲ, ಹಿಂದುಗಡೆ ನೀರಿನ ತಂಪು ತಾಗುವಷ್ಟು ಮಾತ್ರ. ನೀರು ಏರಿದರೆ ಬೆಳಕೂ ಏರುತ್ತದೆ, ಇಳಿದರೆ ಅದೂ ಇಳಿಯುತ್ತದೆ. ಗೋಪುರದಲ್ಲಿ ನೀರೆಷ್ಟಿದೆ ಎಂಬುದು ಕೆಳಗಿನ ಇಡೀ ಊರಿಗೆ ಕಾಣುತ್ತದೆ.

ಮೌನೇಶ ಮೊದಲು ಮಾಡಿದ ನಕ್ಷೆ ಚೆಂದವಾಗಿತ್ತು. ಅದನ್ನು ಓಣಿಯ ಜನಕ್ಕೆ ತೋರಿಸಲು ಜುಬೇದಾಳ ಜೊತೆ ಗುಡ್ಡ ಹತ್ತಿದ. ಹೆಂಗಸರು ಕಲ್ಲುಪುಡಿ ಮೆತ್ತಿದ ಸೆರಗು ಕೊಡವಿಕೊಂಡು ಬಂದು ಸುತ್ತ ನಿಂತರು. ಹಾಳೆಯಲ್ಲಿ ಸಾಲಾಗಿ ಹೆಂಗಸರು ತಲೆಯ ಮೇಲೆ ಕೊಡ ಹೊತ್ತು ಗುಡ್ಡ ಹತ್ತುತ್ತಿದ್ದರು.

"ಇಲ್ಲಿ ಮುಂದ ನಿಂತಾಕಿ ಯಾರ್ರಿ?" ಎಂದು ಕೇಳಿದಳು ಯಂಕವ್ವ. ಗಟ್ಟಿ ರಟ್ಟೆಯ, ಗಟ್ಟಿ ದನಿಯ ಹೆಂಗಸು. ಓಣಿಯಲ್ಲಿ ಯಾವ ಮಾತಿದ್ದರೂ ಮೊದಲು ಅವಳೇ ಆಡಬೇಕು.

"ನೀವ ರೀ ಯಂಕವ್ವಾರ. ನಿಮ್ಮ ಕಷ್ಟಕ್ಕ ಒಂದು ಗೌರವ ಇರ್ಲಿ ಅಂತ..."

"ಈ ಕೊಡ ಇಳಸ್ರೀ ಅಂತ ನಗರಸಭಿ ಬಾಗಲದಾಗ ಬಿಸಲಾಗ ಕುಂತಾಕಿ ನಾ. ನಾಳೆ ನೀರು ಬಂದ ಮ್ಯಾಲೂ ಗ್ವಾಡಿ ಮ್ಯಾಲ ಕೊಡ ಹೊತ್ತ ನಿಂದ್ರಬೇಕೇನು? ಖಾಯಂ?"

ಮೌನೇಶನ ಕಿವಿ ಕೆಂಪಾಯಿತು. ಹಾಳೆಯನ್ನು ಮಡಚಿ ಬಗಲಿಗಿಟ್ಟುಕೊಂಡ.

"ತಪ್ಪಾತ್ರಿ. ಮತ್ತ ಏನ್ ಬರೀಲಿ? ನೀವ ಹೇಳ್ರಿ."

"ಮಕ್ಕೊಂಡಿದ್ದು ಬರೀರಿ," ಎಂದಳು ಒಬ್ಬಳು. ಎಲ್ಲರೂ ನಕ್ಕರು. "ಜಾತ್ರಿ ಸೀರಿ ಉಟ್ಟಿದ್ದು," ಎಂದಳು ಇನ್ನೊಬ್ಬಳು. ಯಂಕವ್ವ ಮಾತ್ರ ಕೆಳಗೆ ಹೊಳೆಯುತ್ತಿದ್ದ ಜಲಾಶಯವನ್ನು ನೋಡುತ್ತಿದ್ದಳು.

"ನನಗ ಈಜಾಕ ಬರೂದಿಲ್ಲ," ಎಂದಳು. "ಇಲ್ಲಿ ಯಾರಿಗೂ ಬರೂದಿಲ್ಲ. ಹುಟ್ಟಿದಾಗಿಂದ ನೀರು ನಮ್ಮ ತಲಿ ಮ್ಯಾಲ ಐತಿ. ಒಮ್ಮೆರ ನಾವು ನೀರಿನ ಮ್ಯಾಲ ಇರೂದನ್ನ ನೋಡಬೇಕು ನೋಡ್ರಿ."

ಮೌನೇಶ ಅವಳ ಮುಖವನ್ನೇ ನೋಡಿದ. ಆಮೇಲೆ ಬಗಲಿನ ಹಾಳೆಯನ್ನು ನಾಲ್ಕು ತುಂಡು ಮಾಡಿ ಜೇಬಿಗೆ ತುರುಕಿಕೊಂಡ. "ನಾಳೆ ಮುಂಜಾನೆ ಬರ್ತೀನಿ. ಎಲ್ಲಾರೂ ಇರ್ರಿ," ಎಂದ.

ಮರುದಿನ ಅವನು ಒಂಬತ್ತು ಹೆಂಗಸರನ್ನು ಕಲ್ಲಿನ ಹಾಸುಗಳ ಮೇಲೆ ಬೋರಲು ಮಲಗಿಸಿದ. ಗಣಿ ಕೆಲಸಕ್ಕೆ ಕಟ್ಟುವ ಹಾಗೆ ಕಚ್ಚೆ ಹಾಕಿದ ಸೀರೆಯಲ್ಲಿ ಅವರು ಗಾಳಿಯನ್ನು ತಳ್ಳಿದರು, ಕಾಲು ಬಡಿದರು. "ನಿಮ್ಮವ್ವನ, ಇದು ಕಲ್ಲು ಒಡಿಯೂದಕ್ಕಿಂತ ಕಠಿಣ ಐತಲ್ಲೋ ಮಾರಾಯಾ," ಎಂದು ಯಂಕವ್ವ ಏದುಸಿರು ಬಿಟ್ಟಳು. ಗಂಡಸರು ಬೀಡಿ ಹಚ್ಚಿಕೊಂಡು ನಗುತ್ತಾ ನಿಂತಿದ್ದರು. ಮೌನೇಶ ನಗಲಿಲ್ಲ, ಅವನ ಕೈ ನಿಲ್ಲದೆ ಗೆರೆ ಎಳೆಯುತ್ತಿತ್ತು. ಕಲ್ಲೆತ್ತಿ ಹುರಿಗಟ್ಟಿದ ಆ ತೋಳುಗಳು ನೀರಿಗೆ ಬಿದ್ದರೆ ಎಂಥ ಬೀಸು ಬೀಸಿಯಾವು ಎಂದು ಅವನಿಗೆ ರೋಮಾಂಚನವಾಗುತ್ತಿತ್ತು. ಮನೆಗೆ ಹೋದವನು ಊಟ ಮರೆತು ಬಣ್ಣ ಕಲಸಿದ.

ಗೋಪುರದ ಬುಡದಿಂದ ನೆತ್ತಿಯವರೆಗೆ ಒಂಬತ್ತು ಈಜುಗಾರ್ತಿಯರು ಸುತ್ತಿಕೊಂಡು ಏರಿದರು. ಎಲ್ಲಕ್ಕಿಂತ ಮೇಲಿನವಳು ಯಂಕವ್ವ.

ಜೋಡಿಗಾಲಿಯನ್ನು ಮೊದಲು ತಿರುಗಿಸಿದ ದಿನ ಗಾಲಿಕೋಣೆಯ ಪಕ್ಕದ ನಿಯಂತ್ರಣ ಕೊಠಡಿಯಲ್ಲಿ ಜುಬೇದಾ ಮತ್ತು ಅವಳ ಆಪರೇಟರ್ ಗುರುಪಾದ ಇದ್ದರು. ವಾಲ್ವ್ ಬಿಚ್ಚಿದಾಗ ಮೊದಲು ಏನೂ ಕೇಳಿಸಲಿಲ್ಲ. ಕೆಟ್ಟಿತೇ ಎಂದು ಇಬ್ಬರೂ ಮುಖ ನೋಡಿಕೊಂಡರು. ಆಮೇಲೆ ನೆಲದಡಿಯಿಂದ ತಂಬೂರಿಯ ತಂತಿ ಮೀಟಿದಂಥ ಸಣ್ಣ ನಾದ ಎದ್ದಿತು.

"ತಿರಗಾಕತ್ತೈತ್ರಿ!" ಗುರುಪಾದ ಕೂಗಿದ. "ಮೇಡಂ, ಪೈಪಿನ್ಯಾಗ ನೀರು ಮ್ಯಾಲ ಹೊಂಟೈತಿ!"

ಸಂಜೆಗೆ ಗೋಪುರದ ಬುಡದಲ್ಲಿ ಒಂದು ಪಾದ ಬೆಳಗಿತು. ಆಮೇಲೆ ಮೀನಖಂಡ, ಸೀರೆಯ ಕಚ್ಚೆ, ಬಾಗಿದ ಬೆನ್ನು, ನೀರು ಸೀಳುವ ಕೈ. ಊರಿನ ಜನ ಮಾಳಿಗೆ ಹತ್ತಿ ನೋಡಿದರು. ಬಸ್ ನಿಲ್ದಾಣದಲ್ಲಿ ಬಸ್ಸು ಬಿಡುವುದು ತಡವಾಯಿತು. ಗುಡ್ಡದ ಮೇಲೆ, ಆಕಾಶದಂಚಿನಲ್ಲಿ, ಒಬ್ಬ ಕಲ್ಲೊಡೆಯುವ ಹೆಂಗಸು ಹಸಿರುನೀಲಿ ಬೆಳಕಿನಲ್ಲಿ ಈಜುತ್ತಿದ್ದಳು. ನಿಧಾನವಾಗಿ ಅವಳ ಮೇಲೆ ಇನ್ನೊಬ್ಬಳು ಮೂಡಿದಳು. ಕಲ್ಲಗಣಿ ಓಣಿಯ ನಳಗಳಲ್ಲಿ ಅದೇ ಹೊತ್ತಿಗೆ ಮೊದಲ ಬಾರಿ ನೀರು ಬಂತು. ಹೆಂಗಸರು ನಳ ಬಿಡುವುದು, ಬಂದ್ ಮಾಡುವುದು, ಮತ್ತೆ ಬಿಡುವುದು ಇದನ್ನೇ ಮಾಡುತ್ತಿದ್ದರಂತೆ.

ಸಂತೋಷ ಬಹಳ ದಿನ ನೆಟ್ಟಗೆ ನಡೆಯಲಿಲ್ಲ.

ಗಾಲಿ ಒಂದಷ್ಟು ಒತ್ತಡವನ್ನು ತಿನ್ನುತ್ತಿದ್ದುದರಿಂದ ಕೆಳಗಿನ ಊರಿನ ನಳಗಳು ತುಸು ಸಣ್ಣಗೆ ಬರತೊಡಗಿದವು. ದೂರು ಮೊದಲು ಬಂದದ್ದು ಜುಬೇದಾಳ ಮನೆಯೊಳಗಿಂದಲೇ.

"ಒಂದು ಬಕೀಟು ತುಂಬೂದ್ರಾಗ ಒಂದು ನಿದ್ದಿ ಆಗ್ತೈತಿ," ಎಂದರು ಅತ್ತೆ ಅಮೀನಾಬಿ. "ಊರಿಗೆಲ್ಲಾ ನೀರು ಕೊಡೂ ಸೊಸಿ ಇದ್ದೂ ನಮ್ಮನ್ಯಾಗ ನಳ ಅಳತೈತಿ."

"ಅಳೂದಲ್ಲ ಅತ್ತಿ, ಸಾವಕಾಶ ಬರತೈತಿ. ಮೊದಲು ರಭಸಕ್ಕ ಆಗಾಗ ಪೈಪ್ ಒಡದು ರಸ್ತೆಗೆ ಹೋಗ್ತಿತ್ತಲ್ಲ, ಅದು ಚೊಲೋ ಇತ್ತೇನು?"

ಗಂಡ ಮಕ್ತುಮ್ ಸಾರಿಗೆ ಬಸ್ಸಿನ ಕಂಡಕ್ಟರ್. ತಾಯಿಯ ಕಡೆಗೂ ಹೆಂಡತಿಯ ಕಡೆಗೂ ಸಮನಾಗಿ ತಲೆಯಾಡಿಸಿ ಚಹಾ ಕುಡಿದ.

ದೂರು ಹೆಚ್ಚಾದಾಗ ಜುಬೇದಾ ಮನಸ್ಸಿಲ್ಲದ ಮನಸ್ಸಿನಿಂದ ಗಾಲಿಗೆ ಒಂದು ತಡೆ ಹಾಕಿದಳು. ಒಂದು ವೇಗಕ್ಕಿಂತ ಮೇಲೆ ಅದು ತಿರುಗುವುದಿಲ್ಲ, ಹೆಚ್ಚಿನ ನೀರು ಪಕ್ಕದ ಪೈಪಿನಿಂದ ಹಾದುಹೋಗುತ್ತದೆ. ಗಾಲಿಯ ರೆಕ್ಕೆಗಳಿಗೂ ಅದೇ ಕ್ಷೇಮವಾಗಿತ್ತು. ಆದರೆ ಅಲ್ಲಿಯವರೆಗೂ ಪೂರ್ತಿ ತುಂಬದ ಗೋಪುರ ಇನ್ನು ತುಂಬುವಂತಿರಲಿಲ್ಲ. ಏಳನೆಯ ಈಜುಗಾರ್ತಿಯವರೆಗೆ ಬೆಳಕು ಏರಿದರೆ ಹೆಚ್ಚು. ಯಂಕವ್ವನ ಚಿತ್ರ ಒಂದು ದಿನವೂ ಬೆಳಗಿರಲಿಲ್ಲ.

ಇತ್ತ ಬಾಳಿಕಾಯಿಯವರು ಸಭೆಯಲ್ಲಿ ಎದ್ದು ನಿಂತರು. "ಯಂತ್ರದ ಮಾತು ಆಮ್ಯಾಲ ನೋಡೋಣು. ಹೆಣ್ಮಕ್ಕಳು ಕಚ್ಚಿ ಕಟ್ಟಿ ನೀರಾಗ ಕೈಕಾಲು ಬಡಿಯೂದನ್ನ ಊರ ನೆತ್ತಿ ಮ್ಯಾಲ ಬರದೀರಿ. ನನ್ನ ಮಂಟಪಕ್ಕ ಬಂದ ಬೀಗರು ಕೇಳ್ತಾರ, ಇದೇನ್ರಿ ನಿಮ್ಮೂರ ಅವತಾರ ಅಂತ. ಶೋಭಾ ಅಲ್ಲ ಇದು."

"ಸರ್, ಕಚ್ಚಿ ಕಟ್ಟಿಕೊಂಡ ಅವರು ನಿಮ್ಮ ಮಂಟಪದ ಕಲ್ಲು ಒಡದಾರ," ಎಂದ ಮೌನೇಶ. ಅವನನ್ನು ಸಭೆಗೆ ಕರೆಸಿದ್ದರು. "ಆಗ ಶೋಭಾ ಇತ್ತೇನ್ರಿ?"

ಆ ಮಾತು ಕೆಲಸ ಕೆಡಿಸಿತು. ಬಾಳಿಕಾಯಿಯವರ ಮುಖ ಗಂಟಾಯಿತು. ಸೋಮವಾರದೊಳಗೆ ಗೋಪುರಕ್ಕೆ ಬರಿಯ ನೀಲಿ ಬಣ್ಣ ಬಳಿಯಬೇಕು, ಅದೇ ದಿನ ಗಾಲಿಯನ್ನು ಇಡಬೇಕೋ ತೆಗೆಯಬೇಕೋ ತೀರ್ಮಾನಿಸಬೇಕು ಎಂದು ಗೊತ್ತುವಳಿ ಆಯಿತು. ನೀಲಿ ಬಣ್ಣದ ಡಬ್ಬಿಗಳು ಗುಡ್ಡಕ್ಕೆ ಹೋದವು.

ಅದಕ್ಕೆ ಮುಂಚಿನ ಶನಿವಾರ ಸಂಜೆ ಮೌನೇಶ ಅಳಿಸುವ ಮೊದಲು ಚಿತ್ರದ ಫೋಟೋ ತೆಗೆದುಕೊಳ್ಳಲೆಂದು ಓಣಿಗೆ ಹೋಗಿದ್ದ. ಹೊತ್ತು ಮುಳುಗುತ್ತಿತ್ತು. ಗುಡ್ಡದ ಹಿಂಬದಿಯ ಒಣಹುಲ್ಲಿಗೆ ಎಲ್ಲಿಂದಲೋ ಕಿಡಿ ತಗುಲಿತ್ತು. ಬೀಸುಗಾಳಿ ಬೆಂಕಿಯನ್ನು ಹುಲ್ಲಿನ ಮೇಲೆ ಓಡಿಸಿಕೊಂಡು ಬಂತು. ಯಾರೋ ಕೂಗುವಷ್ಟರಲ್ಲಿ ಓಣಿಯ ಅಂಚಿನ ಮೇವಿನ ಬಣವೆ ಧಗ್ ಎಂದು ಹೊತ್ತಿಕೊಂಡಿತು. ಅದರ ಪಕ್ಕದಲ್ಲೇ ತಗಡಿನ ಮನೆಗಳ ಸಾಲು, ಮನೆಮನೆಯಲ್ಲೂ ಗ್ಯಾಸ್ ಸಿಲಿಂಡರು.

ಅಗ್ನಿಶಾಮಕ ವಾಹನ ಬಂತು, ಆದರೆ ಕಲ್ಲಿನ ರಾಶಿಗಳ ನಡುವಿನ ತಿರುವು ದಾಟಲಾಗದೆ ಕೆಳಗೇ ನಿಂತಿತು. ಅದರ ಸಿಬ್ಬಂದಿ ದಪ್ಪ ಪೈಪುಗಳನ್ನು ಹೆಗಲ ಮೇಲೆ ಹೊತ್ತು ಓಡಿ ಬಂದು ಗೋಪುರದ ಬುಡದ ನಳಕ್ಕೆ ಜೋಡಿಸಿದರು. ಪೈಪು ಹಿಡಿಯಲು ಕೈ ಸಾಲದೆ ಯಂಕವ್ವ, ಮೌನೇಶ, ಓಣಿಯ ಗಂಡಸರು ಹೆಂಗಸರು ಎಲ್ಲರೂ ಹಿಡಿದರು. ನೀರು ರಭಸದಿಂದ ಹಾರಿ ತಗಡುಗಳ ಮೇಲೆ ಸುರಿಯಿತು.

ನಿಯಂತ್ರಣ ಕೊಠಡಿಯಲ್ಲಿ ಜುಬೇದಾಳ ಮುಂದಿನ ಪರದೆಯ ಮೇಲೆ ಗೋಪುರದ ಮಟ್ಟ ಸರಸರ ಇಳಿಯುತ್ತಿತ್ತು. ಗಾಲಿ ತೂಕಡಿಸುತ್ತಿತ್ತು. ಆ ಹೊತ್ತಿಗೆ ಊರಿನ ಮಾಳಿಗೆ ಟ್ಯಾಂಕುಗಳೆಲ್ಲ ತುಂಬಿ ಮುಚ್ಚಿಕೊಂಡಿರುತ್ತವೆ. ಯಾರ ಮನೆಯಲ್ಲೂ ನೀರು ಹರಿಯುತ್ತಿರಲಿಲ್ಲ. ನೀರು ಇಳಿಯದೆ ನೀರು ಏರುವುದಿಲ್ಲ.

ಫೋನು ಬಂತು. ಮೌನೇಶನ ದನಿ ಒಡೆದಿತ್ತು. "ಮೇಡಂ, ಮೂರು ಮಂದಿ ಆರಿ ಹೋದ್ರು!"

ಜುಬೇದಾ ಕುರ್ಚಿಯಿಂದ ಎದ್ದಳು. "ಯಾರು? ಯಾರ್ ಹೋದ್ರು?"

"ಚಿತ್ರದಾಗಿನ ಮಂದಿ ರೀ! ಇನ್ನ ನಾಕ ಮಂದಿ ಉಳದಾರ. ನೀರು ಕಳಸ್ರಿ, ಬೆಂಕಿ ಎರಡನೇ ಸಾಲಿಗೆ ಬಂತು!"

"ಗುರುಪಾದ, ಹೊರಬಿಡೂ ವಾಲ್ವ್ ತಗಿ! ನೀರು ಹಳೇ ಹೊಂಡಕ್ಕ ಹೋಗ್ಲಿ, ಗಾಲಿ ತಿರಗ್ಲಿ!"

ಗುರುಪಾದ ಓಡಿದ. ಆ ವಾಲ್ವ್ ಹಳೆಯ ಕಾಲದ್ದು. ಅರ್ಧ ತಿರುಗಿ ಜಾಮ್ ಆಯಿತು. ಅವನು ಕಬ್ಬಿಣದ ಸಲಾಕೆ ಹಾಕಿ ಜಗ್ಗಿದ, ಸಲಾಕೆಯೇ ಬಾಗಿತು. ಗಾಲಿ ಒಂದಿಷ್ಟು ಎಚ್ಚರವಾಯಿತು, ಆದರೆ ಸಾಲದು.

ಜುಬೇದಾ ಕಿಟಕಿಯಿಂದ ಹೊರಗೆ ನೋಡಿದಳು. ಪಕ್ಕದ ಅಂಗಳದಲ್ಲಿ ನಗರಸಭೆಯ ಕಸದ ಗಾಡಿಗಳು ಸಾಲಾಗಿ ನಿಂತಿದ್ದವು. ದಿನಾ ಬೆಳಿಗ್ಗೆ ಧ್ವನಿವರ್ಧಕದಲ್ಲಿ ಹಾಡು ಹಾಕಿ, ನಳ ಬಂದ್ ಮಾಡಿ ನೀರು ಉಳಿಸಿ ಎಂದು ಸಾರುತ್ತಾ ಓಣಿ ಓಣಿ ತಿರುಗುವ ಗಾಡಿಗಳು. ಡ್ರೈವರುಗಳು ಗುಡ್ಡದ ಹೊಗೆ ನೋಡುತ್ತಾ ನಿಂತಿದ್ದರು. ಜುಬೇದಾ ಮೆಟ್ಟಿಲಿಳಿದು ಓಡಿದಳು.

"ಗಾಡಿ ತಗೀರಿ! ಎಲ್ಲಾ ಓಣಿಗೂ ಹೋಗ್ರಿ! ಎಲ್ಲಾರೂ ನಳ ಬಿಡ್ರಿ ಅಂತ ಒದರ್ರಿ!"

"ಬಿಡ್ರಿ ಅಂತನೋ, ಬಂದ್ ಮಾಡ್ರಿ ಅಂತನೋ ಮೇಡಂ?"

"ಬಿಡ್ರಿ ಅಂತ! ಬಕೀಟು, ಡ್ರಮ್ಮು, ಗಿಡದ ಬುಡ, ಎಲ್ಲೆರ ಬಿಡ್ಲಿ. ನೀವು ಇಲ್ಲಿ ನೀರು ಬಿಟ್ರ ಅಲ್ಲಿ ಗುಡ್ಡದ ಮ್ಯಾಲ ಬೆಂಕಿ ಆರತೈತಿ ಅಂತ ಹೇಳ್ರಿ!"

ಗಾಡಿಗಳು ಒಂದರ ಹಿಂದೊಂದು ನುಗ್ಗಿದವು. ಗಾಬರಿಯಲ್ಲಿ ಒಬ್ಬ ಡ್ರೈವರು ಬೆಳಗಿನ ಹಾಡು ಬಂದ್ ಮಾಡುವುದನ್ನು ಮರೆತಿದ್ದ. ಹಾಡಿನ ಮೇಲೆಯೇ ಕೂಗುತ್ತಾ ಪೇಟೆ ಬೀದಿಯಲ್ಲಿ ಹೋದ. "ನಳ ಬಿಡ್ರೀ! ಎಲ್ಲಾರೂ ನಳ ಬಿಡ್ರೀ! ಗುಡ್ಡದವ್ರಿಗೆ ನೀರು ಏರಸ್ರೀ!"

ಜನಕ್ಕೆ ಮೊದಲು ತಿಳಿಯಲಿಲ್ಲ. ಹೊರಗೆ ಬಂದರು. ಗುಡ್ಡದ ನೆತ್ತಿಯಲ್ಲಿ ಕೆಂಪು ಹೊಗೆ. ಅದರ ಮುಂದೆ ಗೋಪುರ. ಅವರ ಕಣ್ಣೆದುರಿಗೇ ನಾಲ್ಕನೆಯ ಈಜುಗಾರ್ತಿಯ ಚಾಚಿದ ಕೈ ಆರಿತು, ತಲೆ ಆರಿತು, ಬೆನ್ನು ಆರಿತು. ಅಷ್ಟು ಸಾಕಾಯಿತು. ಜನ ಒಳಗೆ ಓಡಿದರು. ಅಂಗಳದ ನಳ, ಬಚ್ಚಲ ನಳ, ಹೋಟೆಲಿನ ಪಾತ್ರೆ ತೊಳೆಯುವ ನಳ, ಶಾಲೆಯ ಕೈತೊಳೆಯುವ ಸಾಲು ನಳ, ದರ್ಗಾದಲ್ಲಿ ನಮಾಜಿಗೆ ಮುನ್ನ ಕೈಕಾಲು ತೊಳೆಯುವ ವಜೂ ಕಟ್ಟೆಯ ನಳ, ಎಲ್ಲವೂ ಬಿಚ್ಚಿಕೊಂಡವು. ಅಮೀನಾಬಿ ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ಅಂಗಳಕ್ಕೆ ತಂದಿಟ್ಟು, ಅವು ಸಾಲದೆ ಚಹಾದ ಕಪ್ಪುಗಳಿಗೂ ನೀರು ಹಿಡಿದರು.

ಬಾಳಿಕಾಯಿಯವರ ಕಲ್ಯಾಣಮಂಟಪದಲ್ಲಿ ಆರತಕ್ಷತೆ ನಡೆದಿತ್ತು. ಗದ್ದಲ ಕೇಳಿ ಅವರು ಹೊರಗೆ ಬಂದರು, ಗುಡ್ಡ ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ ಅಡುಗೆಮನೆಗೆ ನುಗ್ಗಿದರು.

ಜುಬೇದಾ ಕೊಠಡಿಗೆ ಮರಳುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. "ನದಾಫ್ ಮೇಡಂ, ಬಾಳಿಕಾಯಿ ಮಾತಾಡ್ತೀನಿ. ಅಡಿಗಿಮನಿ, ಬಚ್ಚಲಾ, ಕೈತೊಳಿಯೂದು, ಎಲ್ಲಾ ನಳ ಬಿಟ್ಟೀನಿ. ಬೀಗರೂ ಬಕೀಟು ಹಿಡದು ಗಾರ್ಡನ್ನಿಗೆ ಹಾಕಾಕತ್ತಾರ. ಮತ್ತೇನ್ ಮಾಡ್ಲಿ?"

"ಬಿಟ್ಟದ್ದನ್ನ ಬಂದ್ ಮಾಡಬ್ಯಾಡ್ರಿ ಸರ್!"

ಗುರುಪಾದ ಬಾಗಿದ ಸಲಾಕೆ ಹಿಡಿದೇ ಓಡಿ ಬಂದ. ಗಾಲಿಯ ನಾದ ಏರಿತು. ತಂಬೂರಿಯ ಸದ್ದು ಶಹನಾಯಿಯಾಯಿತು. ಪರದೆಯ ಮೇಲೆ ವೇಗದ ಗೆರೆ ಏರಿ ಏರಿ, ಅವಳೇ ಹಾಕಿದ್ದ ತಡೆಗೆ ತಲೆ ಬಡಿದು ನಿಂತಿತು. ಊರಿನ ನೀರೆಲ್ಲ ಪಕ್ಕದ ಪೈಪಿನಿಂದ ವ್ಯರ್ಥವಾಗಿ ಹಾಯುತ್ತಿತ್ತು.

"ಗುರುಪಾದ, ತಡಿ ತಗೀತೀನಿ."

"ಮೇಡಂ, ರೆಕ್ಕಿ ಮುರಿದ್ರ? ಸೋಮವಾರ ಗಾಲಿ ತಗದು ಒಗಿಯಾಕ ಅವರಿಗೆ ನಾವ ಕಾರಣ ಕೊಟ್ಟಂಗ ಆಗ್ತೈತಿ."

"ಮುರಿದ್ರ ಮುರೀಲಿ. ಸೋಮವಾರದ ಮಾತು ಸೋಮವಾರ."

ಅವಳು ಗುಂಡಿ ಒತ್ತಿದಳು. ಪಕ್ಕದ ಪೈಪು ಮುಚ್ಚಿಕೊಂಡಿತು, ಇಡೀ ಊರಿನ ನೀರು ಗಾಲಿಯ ಮೇಲೆ ಬಿತ್ತು. ನೆಲ ನಡುಗಿತು. ಮೇಜಿನ ಮೇಲಿನ ಲೋಟ ಜಾರಿ ಬಿದ್ದು ಉರುಳಿತು. ನಾದ ಕಿವಿ ಕೊರೆಯುವಷ್ಟು ಏರಿತು, ಆದರೆ ಒಡೆಯಲಿಲ್ಲ. ಮೆತ್ತನೆಯ ರೆಕ್ಕೆಗಳು ಪೂರ್ತಿ ಹರಡಿಕೊಂಡು ನೀರನ್ನು ತಬ್ಬಿ ಹಿಡಿದಿದ್ದವು. ಗೋಪುರದ ಮಟ್ಟ ಒಂದು ಗಳಿಗೆ ಅಲ್ಲಾಡದೆ ನಿಂತು, ಮೆಲ್ಲಗೆ ಮೇಲೆ ಹೊರಳಿತು.

ಗುಡ್ಡದ ಮೇಲೆ ಯಂಕವ್ವನ ಕೈಯಲ್ಲಿ ಸಪ್ಪಗಾಗಿದ್ದ ಪೈಪು ಒಮ್ಮೆಲೇ ಹಾವಿನಂತೆ ಜಿಗಿಯಿತು. "ಹಿಡೀರಿ! ಬಂತು, ನೀರು ಬಂತು!" ಅವಳು ಅದರ ಮೇಲೆ ತನ್ನ ಪೂರ್ತಿ ಭಾರ ಹಾಕಿ ಬಾಯನ್ನು ಬೆಂಕಿಯತ್ತ ತಿರುಗಿಸಿದಳು. ಹಿಂದೆ ಹಿಡಿದಿದ್ದ ಮೌನೇಶ ಕೆಸರಿನಲ್ಲಿ ಜಾರಿ ಬಿದ್ದ, ಎದ್ದ, ಮತ್ತೆ ಹಿಡಿದ. ಉರಿಯುತ್ತಿದ್ದ ತಗಡು ಚುರ್ರೆಂದು ಹೊಗೆಯುಗುಳಿತು. ಬೆಂಕಿ ಎರಡನೆಯ ಸಾಲಿನಲ್ಲಿ ನಿಂತಿತು. ಆಮೇಲೆ ಹಿಂದಕ್ಕೆ ಸರಿಯಿತು.

ಬೆಂಕಿ ಆರಿದ ಮೇಲೂ ಕೆಳಗಿನವರು ನಳ ಬಂದ್ ಮಾಡಲಿಲ್ಲ. ಅವರಿಗೆ ಆರಿದ್ದು ಗೊತ್ತಿರಲಿಲ್ಲ. ಅವರು ನೋಡುತ್ತಿದ್ದುದು ಗೋಪುರವನ್ನು. ನಾಲ್ಕನೆಯವಳು ಮೂಡಿದಳು, ಐದನೆಯವಳು, ಆರನೆಯವಳು. ಒಬ್ಬೊಬ್ಬಳು ಮೂಡಿದಾಗಲೂ ಬೀದಿಯಲ್ಲಿ ಕೇಕೆ ಏಳುತ್ತಿತ್ತು. ಏಳನೆಯವಳು. ಅಲ್ಲಿಂದ ಮೇಲೆ ಯಾರೂ ಬೆಳಕು ಕಂಡಿರಲಿಲ್ಲ. ಎಂಟನೆಯವಳೂ ಮೂಡಿದಳು. ಅವಳ ಮೇಲಿನ ಕತ್ತಲಲ್ಲಿ ಮೊದಲು ಒಂದು ಅಗಲವಾದ ಪಾದ ಕಾಣಿಸಿತು. ಆಮೇಲೆ ಗಟ್ಟಿಯಾದ ರಟ್ಟೆ, ನೀರಿನಿಂದ ಆಚೆ ಎತ್ತಿದ ಗಲ್ಲ, ನಗುವ ಬಾಯಿ.

ಮಸಿ ಮೆತ್ತಿದ ಮುಖದ ಯಂಕವ್ವ ಗೋಪುರದ ಬುಡದಲ್ಲಿ ಕತ್ತೆತ್ತಿ ನಿಂತಿದ್ದಳು. ಕೆಳಗಿನ ಊರಿನಿಂದ ಸಿಳ್ಳೆ, ಚಪ್ಪಾಳೆ ಅಲೆಅಲೆಯಾಗಿ ಗುಡ್ಡಕ್ಕೆ ಬರುತ್ತಿತ್ತು.

"ಚಪ್ಪಾಳಿ ನನಗ ಹೊಡ್ಯಾಕತ್ತಾರೇನೋ ಮಾಸ್ತರ?" ಎಂದು ಕೇಳಿದಳು.

"ನಿಮಗ ರೀ ಯಂಕವ್ವಾರ," ಎಂದ ಮೌನೇಶ. ಅವನ ಹುಬ್ಬು ಸುಟ್ಟಿತ್ತು. ಕಣ್ಣಲ್ಲಿ ನೀರಿತ್ತು, ಹೊಗೆಯದೋ ಏನೋ.

ಬಣವೆಗಳು ಹೋದವು, ತಗಡಿನ ಮನೆಗಳು ಒಂದೆರಡು ಹೋದವು, ಕಟ್ಟಿದ್ದ ಆಡೊಂದು ಸತ್ತಿತು. ಮನುಷ್ಯರೆಲ್ಲ ಉಳಿದರು. ಗಾಲಿಯನ್ನು ಬಿಚ್ಚಿ ನೋಡಿದಾಗ ಒಂದೇ ಒಂದು ರೆಕ್ಕೆ ತುದಿಯಲ್ಲಿ ಸೊಟ್ಟಗಾಗಿತ್ತು. ಸೋಮವಾರದ ಸಭೆಯಲ್ಲಿ ಗಾಲಿ ಉಳಿಯಲಿ ಎಂದು ಗೊತ್ತುವಳಿ ಆಯಿತು. "ನೀಲಿ ಡಬ್ಬಿ ವಾಪಸ್ ಕಳಸ್ರಿ," ಎಂದರು ಬಾಳಿಕಾಯಿಯವರು, ಕಾಗದದ ಮೇಲಿನ ಕಣ್ಣನ್ನು ಎತ್ತದೆಯೇ. "ಬೀಗರು ಫೋಟೋ ತೊಗೊಂಡು ಹೋಗ್ಯಾರ. ಅಳಿಸಿದ್ರ ನನ್ನ ಕೇಳ್ತಾರ."

ಕೆಲವು ವಾರಗಳ ಮೇಲೆ ಜುಬೇದಾಳಿಗೆ ಹೊಸದೊಂದು ತಲೆನೋವು ಶುರುವಾಯಿತು. ದಿನದ ಹರಿವಿನ ಗೆರೆಯಲ್ಲಿ ಮಧ್ಯಾಹ್ನದ ನಂತರದ ಹೊತ್ತು ಯಾವಾಗಲೂ ಚಪ್ಪಟೆ. ಊರು ಮಲಗುವ ಹೊತ್ತು ಅದು. ಈಗ ಅಲ್ಲಿ ಒಂದು ಸಣ್ಣ ದಿಬ್ಬ ಎದ್ದಿತ್ತು, ದಿನಾ ಸ್ವಲ್ಪ ಸ್ವಲ್ಪ ಬೆಳೆಯುತ್ತಿತ್ತು.

"ಎಲ್ಲೋ ಪೈಪ್ ಒಡದೈತಿ ಗುರುಪಾದ. ದೊಡ್ಡ ಸೋರಿಕಿ ಇದು."

"ಸೋರಿಕಿ ಮಧ್ಯಾಹ್ನಕ್ಕಷ್ಟ ಸೋರ್ತೈತೇನ್ರಿ ಮೇಡಂ?"

ಅವನು ಹೊಂಡದ ಕಡೆಯ ಪೈಪು ನೋಡಲು ಹೋದ. ಅವಳು ಊರೊಳಗೆ ನಡೆದಳು. ಪೇಟೆಯ ಹೋಟೆಲಿನಲ್ಲಿ ಸಂಜೆಗೆ ತೊಳೆಯುತ್ತಿದ್ದ ಪಾತ್ರೆಗಳನ್ನು ಬಿಸಿಲಲ್ಲೇ ತೊಳೆಯುತ್ತಿದ್ದರು. ನೇಕಾರ ಓಣಿಯಲ್ಲಿ ಹೆಂಗಸರು ಬೆಳಿಗ್ಗೆಯ ಬಟ್ಟೆಯನ್ನು ಆ ಹೊತ್ತಿನಲ್ಲಿ ಒಗೆಯುತ್ತಾ ಕೂತಿದ್ದರು. ಎಮ್ಮೆಗೆ ಮೈತೊಳೆಯುವವನೊಬ್ಬ ಅವಳನ್ನು ನೋಡಿ ಸುಮ್ಮನೆ ನಕ್ಕ. ಸೋರಿಕೆ ಎಲ್ಲೂ ಸಿಗಲಿಲ್ಲ. ಬಿಸಿಲಿಗೆ ಬಾಯಾರಿ ಅವಳು ತನ್ನ ಮನೆಗೆ ಬಂದಳು.

ಬಚ್ಚಲ ಬಾಗಿಲು ಹಾಕಿತ್ತು. ಒಳಗೆ ಧೋ ಎಂದು ನೀರಿನ ಸದ್ದು.

"ಯಾರದು ಒಳಗ?"

"ನಾನ," ಎಂದ ಮಕ್ತುಮ್. "ಜಳಕ ಮಾಡಾಕತ್ತೀನಿ."

"ಈ ಹೊತ್ತಿನ್ಯಾಗ? ಮುಂಜಾನಿ ಮಾಡೂದು ಬಿಟ್ಟು?"

"ಗುಡ್ಡದ ಮಂದಿ ಗಣಿ ಬಿಟ್ಟು ಮನಿಗೆ ಬರೂ ಹೊತ್ತಲ್ಲೇನು? ಮೈತುಂಬಾ ಕಲ್ಲಿನ ಪುಡಿ ಇರತೈತಿ ಪಾಪ. ಅವರು ಬರೂದ್ರಾಗ ನೀರು ಏರಿರ್ಲಿ ಅಂತ. ನಮ್ಮ ಡಿಪೋದಾಗ ಎಲ್ಲಾರೂ ಈಗ ಈ ಹೊತ್ತಿಗೆ ಮಾಡ್ತಾರ." ಇನ್ನೊಂದು ಚೊಂಬು ಮೈಮೇಲೆ ಸುರಿದುಕೊಂಡು ಸೇರಿಸಿದ. "ನಿನಗ ಯಾರೂ ಹೇಳಿಲ್ಲೇನು?"

ಯಾರೂ ಹೇಳಿರಲಿಲ್ಲ. ಅಂಥ ಆದೇಶವನ್ನು ಅವಳು ಹೊರಡಿಸಿರಲಿಲ್ಲ, ಬೇರೆ ಯಾರೂ ಹೊರಡಿಸಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಅಮೀನಾಬಿ ಹೆಗಲಿಗೆ ಟವೆಲ್ ಹಾಕಿಕೊಂಡು ಕುಳಿತಿದ್ದರು.

"ಅವನಿಗೆ ಲಗೂನ ಬಾ ಅನ್ನು. ನನ್ನ ಪಾಳಿ ಐತಿ," ಎಂದರು.

ಜುಬೇದಾ ಅವರ ಪಕ್ಕದಲ್ಲಿ ಕುಸಿದಂತೆ ಕುಳಿತಳು. ನಗು ಒಳಗಿನಿಂದ ಉಕ್ಕಿ ಬಂದು ಹೊಟ್ಟೆ ಹಿಡಿದುಕೊಳ್ಳುವಂತಾಯಿತು. ಅಷ್ಟರಲ್ಲಿ ಗುರುಪಾದನ ಫೋನು ಬಂತು. ಬಿಸಿಲಲ್ಲಿ ಅಲೆದು ಅವನಿಗೆ ಸಾಕಾಗಿತ್ತು.

"ಮೇಡಂ, ಹೊಂಡದ ಕಡೆ ಏನೂ ಇಲ್ರಿ. ನಿಮ್ಮ ಕಡೆ ಸೋರಿಕಿ ಸಿಕ್ತೇನ್ರಿ?"

"ಸಿಕ್ತು ಗುರುಪಾದ," ಎಂದಳು ಅವಳು ಕಣ್ಣೊರೆಸಿಕೊಳ್ಳುತ್ತಾ. "ಅದನ್ನ ಬಂದ್ ಮಾಡೂದು ಬ್ಯಾಡ."